ಚುಕ್ಕೆ ನಿಜಕ್ಕೂ ಎಲ್ಲಿದೆ? ಸೂಪರ್ ರೆಸಲ್ಯೂಷನ್ ಮೈಕ್ರೋಸ್ಕೋಪಿಯಲ್ಲಿ ಜಾಗ ತಪ್ಪುವುದು ಎಲ್ಲೆಲ್ಲಿ, ಅದನ್ನು ಹಿಡಿಯುವುದು ಹೇಗೆ

ಇಮೇಜಿಂಗ್ ಮುಗಿದಿದೆ. ಸಾಫ್ಟ್‌ವೇರ್ ಓಡಿಸಿದ್ದೀರಿ. ಲಕ್ಷಗಟ್ಟಲೆ ಸಾಲುಗಳ ಒಂದು ಪಟ್ಟಿ ಬಂದಿದೆ. ಒಂದೊಂದು ಸಾಲಿನಲ್ಲೂ ಎಕ್ಸ್, ವೈ, ಫೋಟಾನ್ ಎಣಿಕೆ, ಕೊನೆಯಲ್ಲಿ ‘ಅನ್‌ಸರ್ಟನ್ಟಿ’ ಅಂತ ಒಂದು ಕಾಲಂ. ಅದರಲ್ಲಿ 6 ನ್ಯಾನೋಮೀಟರ್, 8, 7 ಅಂತೆಲ್ಲ ಇದೆ. ನೋಡಿ ಖುಷಿಯಾಗುತ್ತದೆ.

ಆದರೆ ಆ ಕಾಲಂ ಹೇಳುವುದು ಒಂದೇ ಬಗೆಯ ತಪ್ಪಿನ ಲೆಕ್ಕವನ್ನು. ಎಷ್ಟು ಫೋಟಾನ್ ಸಿಕ್ಕವು, ಹಿನ್ನೆಲೆ ಬೆಳಕು ಎಷ್ಟಿತ್ತು ಅನ್ನುವುದರಿಂದ ಬರುವ ತಪ್ಪು ಅದು. ಸ್ಯಾಂಪಲ್ ಇಟ್ಟ ಸ್ಟೇಜ್ ಜರುಗಿದ್ದು ಅದಕ್ಕೆ ಗೊತ್ತಿಲ್ಲ. ಹೊಳೆಯುವ ಬಣ್ಣವನ್ನು (ಡೈ) ಪ್ರೋಟೀನಿಗೆ ಕಟ್ಟುವ ಆಂಟಿಬಾಡಿ ಎಷ್ಟು ಉದ್ದ ಅಂತ ಗೊತ್ತಿಲ್ಲ. ಪಕ್ಕಪಕ್ಕದ ಎರಡು ಅಣುಗಳು ಒಟ್ಟಿಗೇ ಮಿನುಗಿ ಒಂದೇ ಚುಕ್ಕೆಯಂತೆ ಕಂಡಿದ್ದೂ ಗೊತ್ತಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ನಾನು ಮೊದಲು ಹೇಳುವುದು ಇದನ್ನೇ: ಆ ಕಾಲಂ ನೋಡಿ ಸುಮ್ನೆ ಕೂರಬೇಡಿ. ನಿಮ್ಮ ಚಿತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ಯಾವುದು ಅಂತ ಮೊದಲು ಅಳೆಯಿರಿ. ಮುಕ್ಕಾಲು ಪಾಲು ಸಲ ಅದು ಆ ಕಾಲಂನ ಹೊರಗೇ ಇರುತ್ತದೆ.

ಮೊದಲು, ಈ ವಿಧಾನ ಏನು ಮಾಡುತ್ತದೆ

ಅರ್ನ್‌ಸ್ಟ್ ಅಬ್ಬೆ 1873ರಲ್ಲೇ ಬೆಳಕಿನ ಮೈಕ್ರೋಸ್ಕೋಪಿನ ಮಿತಿ ಏನು ಅಂತ ಬರೆದಿಟ್ಟಿದ್ದರು. ಕೆಂಪು ಬೆಳಕು, ಒಳ್ಳೆಯ ಆಯಿಲ್ ಆಬ್ಜೆಕ್ಟಿವ್ ಇದ್ದರೂ ಸುಮಾರು 230 ನ್ಯಾನೋಮೀಟರ್‌ಗಿಂತ ಹತ್ತಿರದ ಎರಡು ಚುಕ್ಕೆಗಳು ಬೇರೆಬೇರೆಯಾಗಿ ಕಾಣುವುದಿಲ್ಲ.

ಕಾರ್ತಿಕದ ದೀಪೋತ್ಸವವನ್ನು ಮಂಜು ಕವಿದ ರಾತ್ರಿ ದೂರದಿಂದ ನೋಡಿದಂತೆ ಅಂದುಕೊಳ್ಳಿ. ಸಾವಿರ ದೀಪ ಒಟ್ಟಿಗೆ ಉರಿದರೆ ಕಾಣುವುದು ಬರೀ ಒಂದು ಬೆಳಕಿನ ಮುದ್ದೆ. ಆದರೆ ಒಂದು ಸಲಕ್ಕೆ ಒಂದೇ ದೀಪ ಹಚ್ಚಿ, ಆರಿಸಿ, ಇನ್ನೊಂದು ಹಚ್ಚಿದರೆ? ಪ್ರತಿ ದೀಪದ ಸುತ್ತ ಬೆಳಕು ಹರಡಿದ್ದರೂ ನಡು ಎಲ್ಲಿ ಅಂತ ಗುರುತು ಹಾಕಬಹುದು. ಗುರುತುಗಳನ್ನೆಲ್ಲ ಸೇರಿಸಿದರೆ ದೀಪಗಳ ಸಾಲು ಸ್ಪಷ್ಟವಾಗುತ್ತದೆ. 2006ರಲ್ಲಿ ಬಂದ ಪಾಮ್ (PALM) ಮತ್ತು ಸ್ಟಾರ್ಮ್ (STORM) ಅನ್ನುವ ವಿಧಾನಗಳು, ದೀಪದ ಜಾಗದಲ್ಲಿ ಹೊಳೆಯುವ ಅಣುಗಳನ್ನಿಟ್ಟು, ಮಾಡುವುದು ಇದನ್ನೇ. 2014ರ ರಸಾಯನಶಾಸ್ತ್ರದ ನೊಬೆಲ್ ಎರಿಕ್ ಬೆಟ್ಜಿಗ್, ಸ್ಟೀಫನ್ ಹೆಲ್, ವಿಲಿಯಂ ಮೋರ್ನರ್ ಅವರಿಗೆ ಸಂದಿದ್ದು ಈ ಮಿತಿಯನ್ನು ದಾಟುವ ಕೆಲಸಗಳಿಗೆ.

ತಪ್ಪುಗಳಲ್ಲಿ ಎರಡು ಜಾತಿ ಇದೆ. ಅಂಗಡಿಯ ತಕ್ಕಡಿಯ ಮುಳ್ಳು ಅಲುಗಾಡುತ್ತಿದ್ದರೆ ಹತ್ತು ಸಲ ತೂಗಿ ಸರಾಸರಿ ತೆಗೆದರೆ ಸರಿಹೋಗುತ್ತದೆ. ತಟ್ಟೆಯ ಅಡಿಯಲ್ಲಿ ಹುಣಸೆಹಣ್ಣು ಅಂಟಿಕೊಂಡಿದ್ದರೆ ಸಾವಿರ ಸಲ ತೂಗಿದರೂ ಅದೇ ತಪ್ಪು ತೂಕ. ಫೋಟಾನ್ ಕೊರತೆಯ ತಪ್ಪು ಮುಳ್ಳಿನ ಅಲುಗಾಟದ ಜಾತಿ. ಆಂಟಿಬಾಡಿಯ ಉದ್ದ, ಲೆನ್ಸಿನ ಓರೆ, ಬಣ್ಣದಿಂದ ಬಣ್ಣಕ್ಕೆ ಆಗುವ ಪಲ್ಲಟ, ಇವು ಹುಣಸೆಹಣ್ಣಿನ ಜಾತಿ. ಈ ವ್ಯತ್ಯಾಸ ತಲೆಯಲ್ಲಿರಲಿ, ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ.

ಹೆಜ್ಜೆ 1: ಕ್ಯಾಮೆರಾ ಕೊಡುವ ಅಂಕಿಯನ್ನು ಫೋಟಾನ್ ಮಾಡಿ

ಕ್ಯಾಮೆರಾ ಫೋಟಾನ್ ಎಣಿಸಿ ಕೊಡುವುದಿಲ್ಲ, ತನ್ನದೇ ಅಂಕಿ ಕೊಡುತ್ತದೆ. ಬೆಳಕೇ ಇಲ್ಲದಿದ್ದರೂ ಅದು ಸೊನ್ನೆ ತೋರಿಸುವುದಿಲ್ಲ, ಅನೇಕ ಕ್ಯಾಮೆರಾಗಳಲ್ಲಿ 100ರ ಆಸುಪಾಸು ಒಂದು ಅಂಕಿ ಇರುತ್ತದೆ. ಅದನ್ನು ಕಳೆಯದೆ ಬಿಟ್ಟರೆ ಹಿನ್ನೆಲೆಯ ಲೆಕ್ಕ ತಪ್ಪುತ್ತದೆ. ಗೇನ್, ಅಂದರೆ ಒಂದು ಫೋಟಾನ್‌ಗೆ ಕ್ಯಾಮೆರಾ ಎಷ್ಟು ಅಂಕಿ ಕೊಡುತ್ತದೆ ಅನ್ನುವುದನ್ನು, ತಪ್ಪು ಹಾಕಿದರೆ ಫೋಟಾನ್ ಎಣಿಕೆ ತಪ್ಪುತ್ತದೆ. ಆಮೇಲೆ ಅನ್‌ಸರ್ಟನ್ಟಿ ಕಾಲಂಗೆ ಅರ್ಥವೇ ಉಳಿಯುವುದಿಲ್ಲ.

ಮಾಡಬೇಕಾದ್ದು ಕಷ್ಟವೇನಲ್ಲ. ಕ್ಯಾಮೆರಾಗೆ ಮುಚ್ಚಳ ಹಾಕಿ ಒಂದು ಸಾವಿರ ಫ್ರೇಮ್ ತೆಗೆಯಿರಿ. ಸರಾಸರಿಯೇ ಆಫ್‌ಸೆಟ್, ಏರಿಳಿತವೇ ರೀಡ್ ನಾಯ್ಸ್. ನಂತರ ಸಮನಾದ ಬೆಳಕನ್ನು ನಾಲ್ಕೈದು ಮಟ್ಟದಲ್ಲಿ ಬೀಳಿಸಿ, ಪ್ರತಿ ಮಟ್ಟದಲ್ಲೂ ಸರಾಸರಿ ಮತ್ತು ವೇರಿಯನ್ಸ್ ಲೆಕ್ಕ ಹಾಕಿ ಗ್ರಾಫ್ ಎಳೆಯಿರಿ. ಗೆರೆಯ ಇಳಿಜಾರೇ ಗೇನ್. ಎಸ್‌ಸಿಮಾಸ್ ಕ್ಯಾಮೆರಾ ಆದರೆ ಇದನ್ನು ಪಿಕ್ಸೆಲ್ ಪಿಕ್ಸೆಲ್‌ಗೂ ಮಾಡಬೇಕು, ಯಾಕೆಂದರೆ ಅದರಲ್ಲಿ ಒಂದೊಂದು ಪಿಕ್ಸೆಲ್‌ನ ನಾಯ್ಸ್ ಒಂದೊಂದು ಥರ. ಗದ್ದಲದ ಒಂದು ಪಿಕ್ಸೆಲ್ ಸಾಕು, ಪಕ್ಕದ ಅಣುವಿನ ಜಾಗವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಇಎಮ್‌ಸಿಸಿಡಿ (ಸಿಗ್ನಲ್ ಅನ್ನು ಓದುವ ಮೊದಲೇ ಗುಣಿಸುವ ಕ್ಯಾಮೆರಾ) ಆದರೆ ಇನ್ನೊಂದು ವಿಷಯ: ಗುಣಿಸುವ ಹಂತದಲ್ಲೇ ಏರಿಳಿತ ಸೇರುವುದರಿಂದ ತಪ್ಪು ಸುಮಾರು 1.4 ಪಟ್ಟಾಗುತ್ತದೆ. ಅರ್ಧದಷ್ಟು ಫೋಟಾನ್ ಕಳೆದುಕೊಂಡಷ್ಟೇ ನಷ್ಟ ಅದು.

ಹೆಜ್ಜೆ 2: ಫೋಟಾನ್ ಮತ್ತು ಹಿನ್ನೆಲೆಯ ಲೆಕ್ಕ ಕೈಯಲ್ಲೇ ಮಾಡಿ ನೋಡಿ

ಒಂದು ಅಣುವಿನ ಬೆಳಕಿನ ಚುಕ್ಕೆ ಸುಮಾರು 130 ನ್ಯಾನೋಮೀಟರ್ ಸಿಗ್ಮಾ (ನಡುವಿನಿಂದ ಬೆಳಕು ಎಷ್ಟು ಹರಡಿದೆ ಅನ್ನುವ ಅಳತೆ) ಅಗಲ ಇರುತ್ತದೆ. ಅದರಿಂದ 1000 ಫೋಟಾನ್ ಸಿಕ್ಕರೆ, ನಡುವಿನ ಜಾಗದ ತಪ್ಪು ಅಗಲವನ್ನು ಫೋಟಾನ್ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದಷ್ಟು. ಅಂದರೆ 4 ನ್ಯಾನೋಮೀಟರ್ ಚಿಲ್ಲರೆ. ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ.

ಈಗ ಹಿನ್ನೆಲೆ ಸೇರಿಸಿ. ಪಿಕ್ಸೆಲ್ 100 ನ್ಯಾನೋಮೀಟರ್, ಪ್ರತಿ ಪಿಕ್ಸೆಲ್‌ಗೆ 20 ಫೋಟಾನ್ ಹಿನ್ನೆಲೆ, ಫಿಟ್ಟಿಂಗ್ (ಚುಕ್ಕೆಗೆ ಗಣಿತದ ಆಕಾರ ಹೊಂದಿಸಿ ನಡು ಹುಡುಕುವುದು) ಲೀಸ್ಟ್ ಸ್ಕ್ವೇರ್ಸ್ ವಿಧಾನದಲ್ಲಿ. 2010ರಲ್ಲಿ ಮಾರ್ಟೆನ್ಸನ್ ಮತ್ತು ಜೊತೆಯವರು ಕೊಟ್ಟ ಸೂತ್ರಕ್ಕೆ ಇದನ್ನು ಹಾಕಿದರೆ ಸುಮಾರು 7 ನ್ಯಾನೋಮೀಟರ್ ಬರುತ್ತದೆ. ಇಎಮ್‌ಸಿಸಿಡಿ ಆದರೆ ಹತ್ತರ ಹತ್ತಿರ. ಹಿನ್ನೆಲೆ 100 ಫೋಟಾನ್‌ಗೆ ಏರಿದರೆ, ಇಎಮ್ ಇಲ್ಲದೆಯೇ 10 ದಾಟುತ್ತದೆ. ಅಣುವಿನಿಂದ ಸಿಗುವುದು ಬರೀ 250 ಫೋಟಾನ್ ಆದರೆ (ಎಂಇಯೋಸ್ ಥರದ ತಾವೇ ಹೊಳೆಯುವ ಪ್ರೋಟೀನುಗಳಲ್ಲಿ ಇದು ಮಾಮೂಲು), 20 ಹಿನ್ನೆಲೆಯಲ್ಲೇ 19-20 ನ್ಯಾನೋಮೀಟರ್. ಒಳ್ಳೆಯ ಬಫರ್‌ನಲ್ಲಿ (ಸ್ಯಾಂಪಲ್ ಮುಳುಗಿರುವ ದ್ರಾವಣ) ಅಲೆಕ್ಸಾ 647 ಅನ್ನುವ ಡೈ ಒಂದು ಮಿನುಗಿಗೆ ಸುಮಾರು 5000 ಫೋಟಾನ್ ಕೊಡಬಲ್ಲದು. ಡೈ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಈ ಲೆಕ್ಕದಿಂದ ಒಂದು ಮಾತು ಕಲಿಯಬೇಕು. ಲೇಸರ್ ಏರಿಸಿ ಫೋಟಾನ್ ಹೆಚ್ಚಿಸುವುದಕ್ಕಿಂತ ಹಿನ್ನೆಲೆ ಇಳಿಸುವುದು ಎಷ್ಟೋ ಸಲ ಸುಲಭ. ಕವರ್‌ಸ್ಲಿಪ್ ಚೆನ್ನಾಗಿ ತೊಳೆಯಿರಿ. ಟರ್ಫ್ (TIRF, ಗಾಜಿನ ಪಕ್ಕದ ತೆಳು ಪದರವನ್ನಷ್ಟೇ ಬೆಳಗುವ ವಿಧಾನ) ಅಥವಾ ಓರೆ ಬೆಳಕು ಬಳಸಿ. ಡೈ ಅಂಟದೆ ಉಳಿದಿದ್ದನ್ನು ಇನ್ನೊಂದೆರಡು ಸಲ ವಾಷ್ ಮಾಡಿ ತೆಗೆಯಿರಿ. ಎಕ್ಸ್‌ಪೋಷರ್ ಕೂಡ ನೋಡಿ. ಅಣು 20 ಮಿಲಿಸೆಕೆಂಡ್ ಮಿನುಗಿ ಆರುವಾಗ ನೀವು 100 ಮಿಲಿಸೆಕೆಂಡ್ ಶಟರ್ ತೆರೆದಿಟ್ಟರೆ ಉಳಿದ 80ರಲ್ಲಿ ಸೇರುವುದು ಬರೀ ಹಿನ್ನೆಲೆ.

ಹೆಜ್ಜೆ 3: ಒಂದು ಚುಕ್ಕೆ ಅಂದರೆ ಒಂದೇ ಅಣು ಹೌದಾ?

ದೀಪೋತ್ಸವದ ಮಾತಿಗೇ ಬರೋಣ. ಒಂದು ಸಲಕ್ಕೆ ಒಂದೇ ದೀಪ ಅಂದೆವು. ಪಕ್ಕದ ಎರಡು ದೀಪ ಒಟ್ಟಿಗೆ ಹತ್ತಿದರೆ ಗುರುತು ಬೀಳುವುದು ಎರಡರ ನಡುವೆ, ದೀಪವೇ ಇಲ್ಲದ ಜಾಗದಲ್ಲಿ. ಇದು ಅತಿ ಕೆಟ್ಟ ತಪ್ಪು. ಬೆಳಕು ಜಾಸ್ತಿ ಇರುವುದರಿಂದ ಸಾಫ್ಟ್‌ವೇರ್ ಆ ಸುಳ್ಳು ಚುಕ್ಕೆಗೆ ತುಂಬ ಒಳ್ಳೆಯ ಅನ್‌ಸರ್ಟನ್ಟಿ ಕೊಡುತ್ತದೆ!

ಕಚ್ಚಾ ಫ್ರೇಮ್‌ಗಳನ್ನು ಕಣ್ಣಾರೆ ನೋಡಿ. ಇದಕ್ಕೆ ಬದಲಿ ಇಲ್ಲ. ಒಂದು ಚದರ ಮೈಕ್ರಾನ್‌ಗೆ ಒಂದಕ್ಕಿಂತ ಸಾಕಷ್ಟು ಕಡಿಮೆ ಚುಕ್ಕೆ ಇರಬೇಕು. ಫಿಲಮೆಂಟುಗಳು ಒಂದನ್ನೊಂದು ದಾಟುವ ಕಡೆ ವಿಶೇಷ ಗಮನ ಕೊಡಿ. ಸುಳ್ಳು ಚುಕ್ಕೆಗಳು ಮೊದಲು ಗುಂಪುಗೂಡುವುದು ಅಲ್ಲೇ, ದಾಟುವ ಜಾಗ ಜೇಡರ ಬಲೆಯ ಗಂಟಿನಂತೆ ಊದಿಕೊಳ್ಳುತ್ತದೆ.

ಒಂದು ಸರಳ ಪರೀಕ್ಷೆ ಇದೆ. ಡೇಟಾವನ್ನು ಮೂರು ಪಾಲು ಮಾಡಿ. ಮೊದಲ ಪಾಲಿನಿಂದ ಒಂದು ಚಿತ್ರ, ಕೊನೆಯ ಪಾಲಿನಿಂದ ಒಂದು ಚಿತ್ರ ಕಟ್ಟಿ. ಕೊನೆಗೆ ಬರುವಷ್ಟರಲ್ಲಿ ಮಿನುಗುವ ಅಣುಗಳು ವಿರಳವಾಗಿರುತ್ತವೆ. ಎರಡು ಚಿತ್ರಗಳ ರಚನೆ ಬೇರೆ ಬೇರೆ ಕಂಡರೆ ಮೊದಲ ಪಾಲಿನಲ್ಲಿ ದಟ್ಟಣೆ ಆಗಿದೆ ಅಂತ ಅರ್ಥ. ಆ ಫ್ರೇಮ್‌ಗಳನ್ನು ಬಿಟ್ಟುಬಿಡಿ, ಅಥವಾ ಒಂದಕ್ಕಿಂತ ಹೆಚ್ಚು ಅಣುಗಳನ್ನು ಒಟ್ಟಿಗೆ ಫಿಟ್ ಮಾಡುವ ವಿಧಾನ ಬಳಸಿ.

ಮಿನುಗು ಸರಿಯಾಗಿ ಆರುತ್ತಿಲ್ಲ ಅಂದರೆ ಮೊದಲು ಬಫರ್ ಕಡೆ ನೋಡಿ. ಗ್ಲೂಕೋಸ್ ಆಕ್ಸಿಡೇಸ್ ಇರುವ ಬಫರ್ ಕೆಲಸ ಮಾಡುತ್ತಾ ಮಾಡುತ್ತಾ ಗ್ಲುಕೋನಿಕ್ ಆಮ್ಲ ತಯಾರಿಸುತ್ತದೆ. ಪಿಹೆಚ್ ಇಳಿಯುತ್ತದೆ, ಡೈ ಮಿನುಗುವ ರೀತಿಯೇ ಬದಲಾಗುತ್ತದೆ. ಒಂದೆರಡು ಗಂಟೆಗೊಮ್ಮೆ ಹೊಸ ಬಫರ್ ಹಾಕಿ. ಬೆಳಿಗ್ಗೆ ಕಲಸಿದ ಬಫರ್‌ನಲ್ಲಿ ಸಂಜೆಯ ಡೇಟಾ ತೆಗೆಯಬೇಡಿ.

ಹೆಜ್ಜೆ 4: ಡ್ರಿಫ್ಟ್

ಡ್ರಿಫ್ಟ್ ಅಂದರೆ ಇಮೇಜಿಂಗ್ ನಡೆಯುವಾಗಲೇ ಸ್ಯಾಂಪಲ್ ಜರುಗುವುದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಾನು ನೋಡಿದ ಕೆಟ್ಟ ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇದೇ.

30 ಮಿಲಿಸೆಕೆಂಡಿನ 40,000 ಫ್ರೇಮ್ ಅಂದರೆ 20 ನಿಮಿಷ. ಅಷ್ಟು ಹೊತ್ತು ಗಾಜು, ಸ್ಟೇಜ್, ಆಬ್ಜೆಕ್ಟಿವ್ ಎಲ್ಲವೂ ಕೆಲವೇ ನ್ಯಾನೋಮೀಟರ್ ಒಳಗೆ ಅಲುಗದೆ ಕೂತಿರಬೇಕು. ಲೋಹ ಬಿಸಿಗೆ ಹಿಗ್ಗುತ್ತದೆ. ಆಯಿಲ್ ನಿಧಾನವಾಗಿ ಹರಡುತ್ತದೆ. ಕೋಣೆಯ ಎಸಿ ಹತ್ತಿ ಆರುತ್ತದೆ.

ಹಿಂದೊಮ್ಮೆ ನಾನು ಮೈಕ್ರೋಟ್ಯೂಬ್ಯೂಲ್ ಚಿತ್ರ ತೆಗೆದಾಗ ಗೆರೆಗಳು ಜೋಡಿಗೆರೆಯಾಗಿ ಬಂದವು. ನನಗೆ ಹಿಗ್ಗೋ ಹಿಗ್ಗು. ಮೈಕ್ರೋಟ್ಯೂಬ್ಯೂಲ್ ಅಂದರೆ ಜೀವಕೋಶದೊಳಗಿನ ಟೊಳ್ಳು ಕೊಳವೆ. ಅದರ ಸುತ್ತ ಆಂಟಿಬಾಡಿ ಅಂಟಿದಾಗ, ಒಳ್ಳೆಯ ಡೇಟಾದಲ್ಲಿ ಎರಡು ಅಂಚುಗಳು ಬೇರೆಬೇರೆಯಾಗಿ ಕಾಣುವುದು ನಿಜ. ಟೊಳ್ಳು ಸಿಕ್ಕಿತು ಅಂದುಕೊಂಡೆ. ಸಂಜೆ ಚಿತ್ರವನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿದೆ. ಮೇಲಿಂದ ಕೆಳಕ್ಕೆ ಹೋಗುವ ಗೆರೆಗಳೆಲ್ಲ ಜೋಡಿ. ಎಡದಿಂದ ಬಲಕ್ಕೆ ಹೋಗುವ ಗೆರೆಗಳೆಲ್ಲ ಒಂಟಿ. ಓರೆಯಾಗಿ ಹೋಗುವವುಗಳಲ್ಲಿ ಜೋಡಿಯ ಅಂತರ ಕಡಿಮೆ. ಟೊಳ್ಳು ಕೊಳವೆ ಯಾವ ಕಡೆ ತಿರುಗಿದ್ದರೂ ಟೊಳ್ಳೇ ಅಲ್ವಾ? ಇದು ಟೊಳ್ಳಲ್ಲ, ಸ್ಯಾಂಪಲ್ ಅಡ್ಡಕ್ಕೆ ಜರುಗಿ ಅಲ್ಲೇ ನಿಂತಿದ್ದು. ಗಾಜಿಗೆ ಅಂಟಿಸಿದ್ದ ಚಿನ್ನದ ಮಣಿಯ ಜಾಡು ತೆಗೆದು ನೋಡಿದರೆ ಎಸಿ ಹತ್ತಿದ ಹೊತ್ತಿಗೆ ಸರಿಯಾಗಿ ಒಂದು ಮೆಟ್ಟಿಲು.

ಹಾಗಾಗಿ ಜೋಡಿಗೆರೆ, ಉಂಗುರ, ಸಾಲುಚುಕ್ಕೆ ಏನೇ ಕಂಡರೂ ಮೊದಲ ಪ್ರಶ್ನೆ ಇದು: ಚಿತ್ರದ ಉದ್ದಕ್ಕೂ ಒಂದೇ ದಿಕ್ಕಿಗೆ ಹೀಗಿದೆಯಾ? ಹೌದಾದರೆ ಅದು ಜೀವಕೋಶದ್ದಲ್ಲ, ಮೈಕ್ರೋಸ್ಕೋಪಿನದು.

ತಡೆಯುವುದು ಹೇಗೆ? ಲೇಸರ್, ಕ್ಯಾಮೆರಾ, ಸ್ಟೇಜ್ ಎಲ್ಲವನ್ನೂ ಒಂದು ಗಂಟೆ ಮೊದಲೇ ಆನ್ ಮಾಡಿ. ಸ್ಯಾಂಪಲ್ ಇಟ್ಟು, ಆಯಿಲ್ ಹಾಕಿ, ಇಪ್ಪತ್ತು ಮೂವತ್ತು ನಿಮಿಷ ಸುಮ್ಮನಿರಿ. ಆ ಹೊತ್ತು ದಂಡ ಅನ್ನಿಸುತ್ತದೆ, ದಂಡವಲ್ಲ. ಡಿಶ್ ಅನ್ನು ಹೋಲ್ಡರ್‌ಗೆ ಬಿಗಿಯಾಗಿ ಕೂರಿಸಿ. ಎಸಿಯ ಗಾಳಿ ನೇರ ಸ್ಟೇಜ್ ಮೇಲೆ ಬೀಳದಂತೆ ರಟ್ಟು ಅಡ್ಡ ಇಡಿ. ಫೋಕಸ್ ಲಾಕ್ ಇದ್ದರೆ ಹಾಕಿ.

ಇಷ್ಟಾದರೂ ಉಳಿಯುವ ಡ್ರಿಫ್ಟ್ ತಿದ್ದಲು ಎರಡು ದಾರಿ. ಒಂದು, ಕವರ್‌ಸ್ಲಿಪ್‌ಗೆ ಚಿನ್ನದ ಅಥವಾ ಫ್ಲೋರೆಸೆಂಟ್ ಮಣಿ ಅಂಟಿಸಿ ಅದರ ಜಾಡು ಕಳೆಯುವುದು. ಇನ್ನೊಂದು, ಮಣಿ ಇಲ್ಲದೆ, ಡೇಟಾವನ್ನು ಸಾವಿರ ಎರಡು ಸಾವಿರ ಫ್ರೇಮ್‌ನ ತುಂಡು ಮಾಡಿ ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸುವ ಕ್ರಾಸ್ ಕೋರಿಲೇಷನ್. ಎರಡನೆಯದಕ್ಕೆ ಪ್ರತಿ ತುಂಡಿನಲ್ಲೂ ಸಾಕಷ್ಟು ಚುಕ್ಕೆ ಬೇಕು, ಮತ್ತು ಒಂದು ತುಂಡಿನ ಒಳಗೇ ಆಗುವ ಚುರುಕು ಅಲುಗಾಟ ಅದಕ್ಕೆ ಕಾಣುವುದಿಲ್ಲ. ನನ್ನ ಮನಸ್ಸು ಮಣಿಯ ಕಡೆಗೇ.

ಮಣಿ ಬಳಸುವವರು ಒಂದು ಪರೀಕ್ಷೆ ಬಿಡಲೇಬಾರದು. ಒಂದು ಮಣಿಯ ಜಾಡಿನಿಂದ ಇನ್ನೊಂದು ಮಣಿಯ ಜಾಡನ್ನು ಕಳೆಯಿರಿ. ಎರಡೂ ಗಟ್ಟಿಯಾಗಿ ಅಂಟಿದ್ದರೆ ಉಳಿಯುವುದು ನೆಟ್ಟಗಿನ ಗೆರೆ, ಅದರ ಮೇಲೆ ಸಣ್ಣ ನಡುಕ. ಆ ನಡುಕವನ್ನು 1.4ರಿಂದ ಭಾಗಿಸಿದರೆ ಒಂದು ಮಣಿಯ ತಪ್ಪು ಸಿಗುತ್ತದೆ. ಗೆರೆ ನಿಧಾನಕ್ಕೆ ಬಾಗುತ್ತಾ ಹೋದರೆ ಒಂದು ಮಣಿ ಸಡಿಲವಾಗಿದೆ, ಅದನ್ನು ಬಿಡಿ. ಇದಕ್ಕಾಗಿಯೇ ಕನಿಷ್ಠ ಮೂರು ಮಣಿ ಇರಲಿ, ಇಲ್ಲದಿದ್ದರೆ ಯಾವುದು ಸಡಿಲ ಅಂತ ಗೊತ್ತಾಗುವುದಿಲ್ಲ. ಮಣಿ ಕ್ಯಾಮೆರಾವನ್ನು ಸ್ಯಾಚುರೇಟ್ ಮಾಡುವಷ್ಟು ಹೊಳೆಯಬಾರದು. ಚುಕ್ಕೆಯ ತಲೆ ಚಪ್ಪಟೆಯಾದರೆ ನಡು ಸರಿಯಾಗಿ ಸಿಗುವುದಿಲ್ಲ.

ಹೆಜ್ಜೆ 5: ಡೈ ಇರುವ ಜಾಗವೇ ಪ್ರೋಟೀನ್ ಇರುವ ಜಾಗವಲ್ಲ

ನೀವು ನೋಡುತ್ತಿರುವುದು ಪ್ರೋಟೀನನ್ನಲ್ಲ. ಪ್ರೋಟೀನಿಗೆ ಪ್ರೈಮರಿ ಆಂಟಿಬಾಡಿ ಅಂಟಿದೆ, ಅದಕ್ಕೆ ಸೆಕೆಂಡರಿ, ಅದರ ಮೇಲೆಲ್ಲೋ ಡೈ. ಒಂದೊಂದು ಆಂಟಿಬಾಡಿಯೂ ಹತ್ತು ನ್ಯಾನೋಮೀಟರ್ ಮೀರಿದ ಅಣು. ಮೈಕ್ರೋಟ್ಯೂಬ್ಯೂಲ್‌ನ ನಿಜವಾದ ಅಗಲ 25 ನ್ಯಾನೋಮೀಟರ್. ಪ್ರೈಮರಿ ಸೆಕೆಂಡರಿ ಎರಡನ್ನೂ ಹಾಕಿದರೆ ಅದು ಸುಮಾರು 60 ನ್ಯಾನೋಮೀಟರ್ ಅಗಲವಾಗಿಬಿಡುತ್ತದೆ. ನಿಮ್ಮ ಫಿಟ್ಟಿಂಗ್ 3 ನ್ಯಾನೋಮೀಟರ್ ಇದ್ದರೂ ಅಗಲ ಇಳಿಯುವುದಿಲ್ಲ.

ಇದು ಹುಣಸೆಹಣ್ಣಿನ ಜಾತಿಯ ತಪ್ಪು. ಕೋಶ ಫಿಕ್ಸ್ ಆಗಿದೆ, ಆಂಟಿಬಾಡಿ ಒಂದು ಕಡೆ ವಾಲಿ ಕೂತಿದೆ. ಅದೇ ಡೈ ನೂರು ಸಲ ಮಿನುಗಿದರೂ ನೂರು ಸಲವೂ ಅದೇ ತಪ್ಪು ಜಾಗವನ್ನೇ ಹೇಳುತ್ತದೆ. ಮೈಕ್ರೋಟ್ಯೂಬ್ಯೂಲ್‌ನಲ್ಲಿ ಸುತ್ತಲೂ ಆಂಟಿಬಾಡಿ ಇರುವುದರಿಂದ ನಡುಗೆರೆ ಸರಿಯಾಗೇ ಸಿಗುತ್ತದೆ, ಅಗಲ ಮಾತ್ರ ಸುಳ್ಳು. ಆದರೆ ಪೊರೆಯ ಒಂದೇ ಬದಿಯಿಂದ ಆಂಟಿಬಾಡಿ ಅಂಟುವಂಥ ಜಾಗದಲ್ಲಿ ಇಡೀ ರಚನೆಯೇ ಒಂದು ಬದಿಗೆ ಸರಿದು ಕಾಣುತ್ತದೆ. ಎರಡು ಪ್ರೋಟೀನ್ ನಡುವಿನ ದೂರ ಅಳೆಯುವವರು ಇದನ್ನು ಮರೆತರೆ ತೀರ್ಮಾನವೇ ತಲೆಕೆಳಗಾಗುತ್ತದೆ.

ಪರಿಹಾರ: ಆದಷ್ಟು ಗಿಡ್ಡ ಲೇಬಲ್. ಆಂಟಿಬಾಡಿಯ ಪುಟ್ಟ ತುಂಡಾದ ನ್ಯಾನೋಬಾಡಿ ನಾಲ್ಕು ನ್ಯಾನೋಮೀಟರ್‌ನಷ್ಟು ಮಾತ್ರ. ಸ್ನಾಪ್ ಟ್ಯಾಗ್, ಹ್ಯಾಲೋ ಟ್ಯಾಗ್ ಕೂಡ ಚಿಕ್ಕವು. ಸೆಕೆಂಡರಿ ಬಿಟ್ಟು ಪ್ರೈಮರಿಗೇ ಡೈ ಕಟ್ಟಿದರೂ ಅರ್ಧ ಉಳಿತಾಯ.

ಫಿಕ್ಸಿಂಗ್, ಅಂದರೆ ಕೋಶವನ್ನು ರಾಸಾಯನಿಕದಿಂದ ಇದ್ದಲ್ಲೇ ಹಿಡಿದು ನಿಲ್ಲಿಸುವುದು, ಅದರ ಬಗ್ಗೆಯೂ ಒಂದು ಮಾತು. ಬರೀ 4 ಶೇಕಡಾ ಪಿಎಫ್‌ಎ (ಪ್ಯಾರಾಫಾರ್ಮಾಲ್ಡಿಹೈಡ್) ಹಾಕಿದರೆ ಪೊರೆಯ ಕೆಲವು ಪ್ರೋಟೀನುಗಳು ಆಮೇಲೂ ಓಡಾಡುತ್ತಲೇ ಇರುತ್ತವೆ. ಸ್ವಲ್ಪ ಗ್ಲುಟರಾಲ್ಡಿಹೈಡ್ ಸೇರಿಸಿದರೆ ಹಿಡಿತ ಸಿಗುತ್ತದೆ. ಆದರೆ ಅದು ತಾನೇ ಹೊಳೆದು ಹಿನ್ನೆಲೆ ಏರಿಸುತ್ತದೆ. ಅದಕ್ಕೆ ಸೋಡಿಯಂ ಬೋರೋಹೈಡ್ರೈಡ್‌ನಿಂದ ಕೆಲವು ನಿಮಿಷ ತೊಳೆಯುವ ರೂಢಿ.

ಹೆಜ್ಜೆ 6: ಫಿಟ್ಟಿಂಗ್, ಮತ್ತು ಹಡಗಲಿಯಲ್ಲಿ ಹುಟ್ಟಿದ ರಾವ್

ಇಷ್ಟು ಫೋಟಾನ್, ಇಷ್ಟು ಹಿನ್ನೆಲೆ ಕೊಟ್ಟರೆ ಎಷ್ಟೇ ಜಾಣ ವಿಧಾನ ಬಳಸಿದರೂ ಇದಕ್ಕಿಂತ ಕಡಿಮೆ ತಪ್ಪು ಸಾಧ್ಯವಿಲ್ಲ ಅನ್ನುವ ಒಂದು ಗೆರೆ ಇದೆ. ಅದಕ್ಕೆ ಕ್ರಾಮೆರ್-ರಾವ್ ಬೌಂಡ್ ಅಂತ ಹೆಸರು. ಈ ಕ್ಷೇತ್ರದ ಲೇಖನ ಯಾವುದನ್ನು ತೆರೆದರೂ ಕಾಣುವ ಹೆಸರು ಇದು. ಆ ರಾವ್, ಸಿ. ಆರ್. ರಾವ್, 1920ರಲ್ಲಿ ಹುಟ್ಟಿದ್ದು ಮಲ್ಲಿಗೆಗೆ ಹೆಸರಾದ ನಮ್ಮ ಹೂವಿನ ಹಡಗಲಿಯಲ್ಲಿ. ತೆಲುಗು ಮನೆತನದವರು. ಇದನ್ನು 1945ರಲ್ಲಿ ಕಲ್ಕತ್ತಾ ಮ್ಯಾಥಮೆಟಿಕಲ್ ಸೊಸೈಟಿಯ ಬುಲೆಟಿನ್‌ನಲ್ಲಿ ಪ್ರಕಟಿಸಿದಾಗ ಅವರಿಗೆ 25 ವರ್ಷ. ಮೈಕ್ರೋಸ್ಕೋಪಿನ ಪರದೆಯ ಮೇಲೆ ಆ ಹೆಸರು ಕಂಡಾಗಲೆಲ್ಲ ನನಗೆ ಹಡಗಲಿ ನೆನಪಾಗುತ್ತದೆ.

ಆ ಗೆರೆಯನ್ನು ಮುಟ್ಟಬೇಕಾದರೆ ಮ್ಯಾಕ್ಸಿಮಮ್ ಲೈಕ್ಲಿಹುಡ್ ಫಿಟ್ಟಿಂಗ್ (ಸಿಕ್ಕ ಫೋಟಾನ್‌ಗಳಿಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವ ಸಾಧ್ಯತೆಯ ಜಾಗ ಹುಡುಕುವುದು) ಬಳಸಿ. ಮಾಮೂಲಿ ಲೀಸ್ಟ್ ಸ್ಕ್ವೇರ್ಸ್‌ನಲ್ಲಿ, ಹಿನ್ನೆಲೆ ಇಲ್ಲದಿದ್ದಾಗಲೂ, ತಪ್ಪು ಮೂರರಲ್ಲಿ ಒಂದು ಪಾಲು ಜಾಸ್ತಿ. ಲೈಕ್ಲಿಹುಡ್‌ಗೆ ಕ್ಯಾಮೆರಾದ ಗೇನ್, ಆಫ್‌ಸೆಟ್ ಸರಿಯಾಗಿ ಗೊತ್ತಿರಬೇಕು. ಮೊದಲ ಹೆಜ್ಜೆ ಬಿಟ್ಟವರಿಗೆ ಇಲ್ಲಿ ಲಾಭ ಸಿಗುವುದಿಲ್ಲ. ಬರೀ ತೂಕದ ನಡು ತೆಗೆಯುವ ಸೆಂಟ್ರಾಯ್ಡ್ ವಿಧಾನ ಬೇಡ. ಹಿನ್ನೆಲೆ ಇದ್ದರೆ ಅದು ಎಲ್ಲ ಚುಕ್ಕೆಗಳನ್ನೂ ಕಿಟಕಿಯ ನಡುವಿಗೆ ಎಳೆಯುತ್ತದೆ.

ಫಿಟ್ಟಿಂಗ್ ಓರೆಯಾಗಿದೆಯಾ ಅಂತ ತಿಳಿಯಲು ಐದು ನಿಮಿಷದ ಪರೀಕ್ಷೆ. ಎಲ್ಲ ಎಕ್ಸ್ ಬೆಲೆಗಳನ್ನೂ ಪಿಕ್ಸೆಲ್ ಅಗಲದಿಂದ ಭಾಗಿಸಿ, ಶೇಷವನ್ನು ಮಾತ್ರ ತೆಗೆದುಕೊಂಡು ಹಿಸ್ಟೋಗ್ರಾಮ್ ಹಾಕಿ. ಜೀವಕೋಶಕ್ಕೆ ನಿಮ್ಮ ಕ್ಯಾಮೆರಾದ ಪಿಕ್ಸೆಲ್ ಎಲ್ಲಿದೆ ಅಂತ ಗೊತ್ತಿಲ್ಲ, ಹಾಗಾಗಿ ಹಿಸ್ಟೋಗ್ರಾಮ್ ಚಪ್ಪಟೆ ಬರಬೇಕು. ಪಿಕ್ಸೆಲ್ ನಡುವಲ್ಲೋ ಅಂಚಿನಲ್ಲೋ ಗುಡ್ಡ ಎದ್ದರೆ ಫಿಟ್ಟಿಂಗ್ ತಪ್ಪುತ್ತಿದೆ. ನಿಮ್ಮ ಸಾಫ್ಟ್‌ವೇರ್ ಥಂಡರ್‌ಸ್ಟಾರ್ಮ್ ಇರಲಿ, ಪಿಕಾಸೊ ಇರಲಿ, ಫಲಿತಾಂಶದ ಪಟ್ಟಿಯಿಂದ ಇದನ್ನು ಯಾರು ಬೇಕಾದರೂ ಮಾಡಬಹುದು.

ಡೈ ಗಟ್ಟಿಯಾಗಿ ಅಂಟಿಕೊಂಡು ತಿರುಗಲಾರದೆ ಇದ್ದರೆ ಇನ್ನೊಂದು ತೊಂದರೆ. ಅಣು ಎಲ್ಲ ದಿಕ್ಕಿಗೂ ಸಮನಾಗಿ ಬೆಳಕು ಚೆಲ್ಲುವುದಿಲ್ಲ. ಸ್ವಚ್ಛಂದವಾಗಿ ತಿರುಗುತ್ತಿದ್ದರೆ ಸರಾಸರಿಯಲ್ಲಿ ಸರಿಹೋಗುತ್ತದೆ. ಒಂದೇ ಭಂಗಿಯಲ್ಲಿ ಸಿಕ್ಕಿಕೊಂಡಿದ್ದರೆ ಚುಕ್ಕೆ ಸೊಟ್ಟಗಾಗುತ್ತದೆ, ಫೋಕಸ್‌ನಿಂದ 200-300 ನ್ಯಾನೋಮೀಟರ್ ಮೇಲೋ ಕೆಳಗೋ ಇದ್ದಾಗ ಹತ್ತಾರು ನ್ಯಾನೋಮೀಟರ್ ಪಕ್ಕಕ್ಕೆ ಸರಿದು ಕಾಣುತ್ತದೆ. ಬಾಗುವ ಲಿಂಕರ್ ಇರುವ ಲೇಬಲ್ ಬಳಸಿದರೆ ನೀರಿನ ಬಫರ್‌ನಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. ಹೆಪ್ಪುಗಟ್ಟಿಸಿದ ಸ್ಯಾಂಪಲ್‌ನಲ್ಲಿ ಮಾತ್ರ ಇದೇ ದೊಡ್ಡ ತಲೆನೋವು.

ಹೆಜ್ಜೆ 7: ಆಳ ಮತ್ತು ಎರಡನೇ ಬಣ್ಣ

ಸಿಲಿಂಡ್ರಿಕಲ್ ಲೆನ್ಸ್ ಹಾಕಿ, ಚುಕ್ಕೆ ಯಾವ ಕಡೆಗೆ ಉದ್ದವಾಗಿದೆ ಅನ್ನುವುದರಿಂದ ಆಳ ಹೇಳುವ ವಿಧಾನ 2008ರಿಂದ ಬಳಕೆಯಲ್ಲಿದೆ. ಆಳದ ತಪ್ಪು ಸಾಮಾನ್ಯವಾಗಿ ಅಡ್ಡದ ತಪ್ಪಿನ ಎರಡು ಮೂರು ಪಟ್ಟು. ಇಲ್ಲಿ ಎಲ್ಲರೂ ಎಡವುವುದು ಕ್ಯಾಲಿಬ್ರೇಷನ್‌ನಲ್ಲಿ. ಗಾಜಿಗೆ ಅಂಟಿದ ಮಣಿಯ ಮೇಲೆ ಕ್ಯಾಲಿಬ್ರೇಟ್ ಮಾಡಿ, ಅದನ್ನೇ ಕೋಶದ ಒಳಗೆ ಎರಡು ಮೂರು ಮೈಕ್ರಾನ್ ಆಳಕ್ಕೆ ಬಳಸುತ್ತಾರೆ. ಆಯಿಲ್‌ನ ವಕ್ರೀಭವನ ಸೂಚ್ಯಂಕ 1.518, ಬಫರ್‌ನದು 1.33ರ ಆಸುಪಾಸು. ಇದರಿಂದ ಸ್ಟೇಜ್ ಒಂದು ಮೈಕ್ರಾನ್ ಸರಿದರೆ ಫೋಕಸ್ ಸರಿಯುವುದು 0.7-0.8 ಮೈಕ್ರಾನ್ ಅಷ್ಟೇ. ತಿದ್ದದಿದ್ದರೆ ಗುಂಡಗಿನ ವಸ್ತು ಕೋಳಿಮೊಟ್ಟೆಯಂತೆ ನಿಂತುಬಿಡುತ್ತದೆ. ಗಾಜಿನ ಹತ್ತಿರದ ಒಂದು ಮೈಕ್ರಾನ್ ಒಳಗೇ ಕೆಲಸ ಮುಗಿಸಿ. ಆಳಕ್ಕೆ ಹೋಗಲೇಬೇಕಾದರೆ ವಾಟರ್ ಅಥವಾ ಸಿಲಿಕೋನ್ ಆಬ್ಜೆಕ್ಟಿವ್ ಬಳಸಿ, ಅಗರೋಸ್‌ನಲ್ಲಿ ಬೇರೆಬೇರೆ ಆಳದಲ್ಲಿ ಕೂತ ಮಣಿಗಳಿಂದ ಕ್ಯಾಲಿಬ್ರೇಟ್ ಮಾಡಿ.

ಎರಡು ಬಣ್ಣ ಹಾಕಿದರೆ, ಎರಡೂ ಬಣ್ಣದಲ್ಲಿ ಹೊಳೆಯುವ 100 ನ್ಯಾನೋಮೀಟರ್ ಮಣಿಗಳನ್ನು ಫೀಲ್ಡ್ ತುಂಬ ಹರಡಿ, ಒಂದು ಬಣ್ಣವನ್ನು ಇನ್ನೊಂದರ ಮೇಲೆ ಹೊಂದಿಸುವ ಪಾಲಿನಾಮಿಯಲ್ ಕಂಡುಹಿಡಿಯಿರಿ. ಅದು ಎಷ್ಟು ಸರಿ ಅಂತ ನೋಡಬೇಕಾದ್ದು ಲೆಕ್ಕಕ್ಕೆ ಸೇರಿಸದೆ ಬದಿಗಿಟ್ಟ ಮಣಿಗಳ ಮೇಲೆ. ಲೆಕ್ಕಕ್ಕೆ ಬಳಸಿದ ಮಣಿಗಳ ಮೇಲೇ ನೋಡಿದರೆ ತಪ್ಪು ಯಾವಾಗಲೂ ಚಿಕ್ಕದಾಗೇ ಕಾಣುತ್ತದೆ.

ಹೆಜ್ಜೆ 8: ಗೊತ್ತಿರುವ ಅಳತೆಯ ವಸ್ತುವನ್ನು ಅಳೆಯಿರಿ

ಬಟ್ಟೆ ಅಳೆಯುವ ಮೊದಲು ಗಜದ ಕೋಲು ಸರಿಯಿದೆಯಾ ನೋಡುತ್ತೀರಿ ಅಲ್ವಾ? ಇಲ್ಲಿಯ ಗಜದ ಕೋಲು ನ್ಯೂಕ್ಲಿಯಸ್ ಪೊರೆಯಲ್ಲಿರುವ ರಂಧ್ರ. ಅದರ ಎನ್‌ಯುಪಿ96 ಪ್ರೋಟೀನ್ ಎಂಟು ಮೂಲೆಗಳಲ್ಲಿ ಉಂಗುರವಾಗಿ ಕೂತಿರುತ್ತದೆ. ಉಂಗುರದ ಅಡ್ಡಗಲ ಸುಮಾರು 107 ನ್ಯಾನೋಮೀಟರ್. ಒಂದರ ಮೇಲೊಂದು ಎರಡು ಉಂಗುರ, ನಡುವೆ ಸುಮಾರು 50 ನ್ಯಾನೋಮೀಟರ್. ಹೈಡೆಲ್‌ಬರ್ಗ್‌ನ ಇಎಂಬಿಎಲ್ ವಿಜ್ಞಾನಿಗಳು 2019ರಲ್ಲಿ ಈ ಪ್ರೋಟೀನಿಗೆ ಟ್ಯಾಗ್ ಹಾಕಿದ ಕೋಶಗಳನ್ನು ಅಳತೆಗೋಲಾಗಿಯೇ ಮುಂದಿಟ್ಟರು.

ನಿಮ್ಮ ಮೈಕ್ರೋಸ್ಕೋಪಿನಲ್ಲಿ ಎಂಟು ಮೂಲೆ ಬಿಡಿಬಿಡಿಯಾಗಿ ಕಾಣುತ್ತವಾ? ಉಂಗುರ ದುಂಡಗಿದೆಯಾ? ಒಂದು ಕಡೆಗೆ ಎಳೆದಂತಿದ್ದರೆ ಡ್ರಿಫ್ಟ್ ಉಳಿದಿದೆ. ದುಂಡಗೇ ಇದ್ದು ಅಡ್ಡಗಲ 107 ಬಾರದಿದ್ದರೆ ಪಿಕ್ಸೆಲ್ ಅಳತೆ ತಪ್ಪಿರಬಹುದು, ಇಲ್ಲವೇ ಲೇಬಲ್ ಹೊರಕ್ಕೋ ಒಳಕ್ಕೋ ಚಾಚಿರಬಹುದು. ಎಂಟರಲ್ಲಿ ನಾಲ್ಕೈದೇ ಕಂಡರೆ ಅದು ಜಾಗದ ತಪ್ಪಲ್ಲ, ಲೇಬಲ್ ಸಾಕಷ್ಟು ಅಂಟಿಲ್ಲ. ಒಂದೇ ಚಿತ್ರ ಇಷ್ಟೊಂದು ಹೇಳುತ್ತದೆ.

ಹೆಜ್ಜೆ 9: ಲೆಕ್ಕ ಕೂಡಿಸಿ

ಒಂದಕ್ಕೊಂದು ಸಂಬಂಧವಿಲ್ಲದ ತಪ್ಪುಗಳನ್ನು ನೇರ ಕೂಡಿಸುವುದಲ್ಲ. ಪ್ರತಿಯೊಂದರ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯುವುದು. ಒಂದು ಉದಾಹರಣೆ ನೋಡಿ. ಫಿಟ್ಟಿಂಗ್ 7 ನ್ಯಾನೋಮೀಟರ್, ಉಳಿದ ಡ್ರಿಫ್ಟ್ 10, ಲೇಬಲ್ 10. ಒಟ್ಟು 49 ಕೂಡಿಸು 100 ಕೂಡಿಸು 100, ಅಂದರೆ 249. ವರ್ಗಮೂಲ ಸುಮಾರು 15.8.

ಈಗ ನಾಲ್ಕು ಪಟ್ಟು ಫೋಟಾನ್ ಕೊಡುವ ದುಬಾರಿ ಡೈ ತಂದು ಫಿಟ್ಟಿಂಗ್ ತಪ್ಪನ್ನು ಅರ್ಧ, 3.5ಕ್ಕೆ ಇಳಿಸಿದಿರಿ ಅನ್ನಿ. ಒಟ್ಟು 14.6 ಆಯಿತು. ಖರ್ಚಿಗೆ ತಕ್ಕ ಫಲ ಅಲ್ಲ. ಅದರ ಬದಲು ಹಳೆಯ ಡೈಯಲ್ಲೇ ಇದ್ದು, ಮಣಿ ಗಟ್ಟಿಯಾಗಿ ಅಂಟಿಸಿ, ಎಸಿಗೆ ರಟ್ಟು ಅಡ್ಡ ಇಟ್ಟು ಡ್ರಿಫ್ಟ್ ಅನ್ನು 10ರಿಂದ 3ಕ್ಕೆ ತಂದರೆ ಒಟ್ಟು 12.6. ದೊಡ್ಡದನ್ನು ಮೊದಲು ಹಿಡಿಯಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಆಮೇಲೆ ಪ್ರಕಟಿಸುವಾಗ ಚಿತ್ರದ ಕೆಳಗೆ ‘ರೆಸಲ್ಯೂಷನ್ 7 ನ್ಯಾನೋಮೀಟರ್’ ಅಂತ ಬರೆಯಬೇಡಿ. ಫಿಟ್ಟಿಂಗ್ ತಪ್ಪು ಎಷ್ಟು, ಡ್ರಿಫ್ಟ್ ತಿದ್ದಿದ ಮೇಲೆ ಉಳಿದದ್ದು ಎಷ್ಟು, ಯಾವ ಲೇಬಲ್, ಎಷ್ಟು ಫೋಟಾನ್ ಅಂತ ಬಿಡಿಸಿ ಬರೆಯಿರಿ. ಎಫ್‌ಆರ್‌ಸಿ (ಡೇಟಾವನ್ನು ಎರಡು ಪಾಲು ಮಾಡಿ, ಎರಡು ಚಿತ್ರಗಳು ಎಷ್ಟು ಹೊಂದುತ್ತವೆ ಅಂತ ನೋಡಿ ರೆಸಲ್ಯೂಷನ್ ಹೇಳುವುದು) ಲೆಕ್ಕ ಹಾಕಿದ್ದರೆ ಅದನ್ನೂ ಕೊಡಿ, ಆದರೆ ಆಂಟಿಬಾಡಿಯ ಉದ್ದ ಅದಕ್ಕೂ ಕಾಣುವುದಿಲ್ಲ ಅನ್ನುವುದು ನೆನಪಿರಲಿ. ಒಂದು ಮಣಿಯಿಂದ ಇನ್ನೊಂದನ್ನು ಕಳೆದ ಆ ಗ್ರಾಫನ್ನು ಅದೇ ದಿನ ಡೇಟಾ ಫೋಲ್ಡರ್‌ನಲ್ಲೇ ಉಳಿಸಿಡಿ. ಆರು ತಿಂಗಳ ನಂತರ ರಿವ್ಯೂವರ್ ಕೇಳಿದರೆ ಹೊಸದಾಗಿ ಹುಡುಕುವ ಪಾಡು ತಪ್ಪುತ್ತದೆ.